ಆರದಹರಳು ಹಿಡಿದ ಒಂದು ಮಾತು

ಆರದ ವರ್ಷ ೨೧೪, ಹದಿಮೂರನೆಯ ತಿಂಗಳು, ತಾರೀಖು ಮೂವತ್ತೈದು.
ಕೋಲಾರದ ಹಳೆಯ ಗಣಿಯ ಕೆಳಗಿನ ಊರು.

ಹರಳು ಮಾಡಿದ ಹಿರಿಯರಿಗೆ ಸೊಣ್ಣಮ್ಮ ಬರೆಯುವುದು. ಕ್ಷೇಮ ಕೇಳುವುದಿಲ್ಲ. ನನ್ನ ಮಾತುಗಳು ವಿಚಿತ್ರವಾಗಿ ಕಂಡರೆ ಮನ್ನಿಸಿ. ನಾನು ಓದಿದ್ದು ನಾಲ್ಕನೆಯ ತರಗತಿ, ಅದೂ ಅರ್ಧ. ಆ ಅರ್ಧಕ್ಕೆ ನೀವೇ ಕಾರಣ, ಆದ್ದರಿಂದ ಮನ್ನಿಸದಿದ್ದರೂ ಚಿಂತೆಯಿಲ್ಲ. ಚಿಂತೆಯಿಲ್ಲ ಅಂದೆ, ಆದರೆ ಇದೆ.

ನಿಮ್ಮ ಕಾಲದಲ್ಲಿ ಈ ಹರಳು ಇನ್ನೂ ಪ್ರಯೋಗಶಾಲೆಯ ಆಟವಂತೆ. ಲೋಟದ ಕಾಫಿ ಆರುತ್ತದೆ, ಯಾಕೆಂದರೆ ಅದರ ಕಣಗಳು ಒಂದನ್ನೊಂದು ತಾಗಿ, ಬಿಸಿ ಹಂಚಿಕೊಂಡು, ಹೇಗೆ ಶುರುವಾದೆವೆಂಬುದನ್ನೇ ಮರೆಯುತ್ತವೆ. ನೀವು ಕಣಗಳನ್ನು ಅಡ್ಡಾದಿಡ್ಡಿ ಜೋಡಿಸಿ, ಯಾವುದೂ ಯಾವುದಕ್ಕೂ ಏನೂ ಕೊಡದಂತೆ ಇದ್ದಲ್ಲೇ ಸಿಕ್ಕಿಸಿಬಿಟ್ಟಿರಿ. ಮೊದಲು ಇಟ್ಟದ್ದನ್ನು ಅದು ಎಂದೂ ಮರೆಯದು. ಅದನ್ನೇ ನಾವು ಆರದಹರಳು ಅನ್ನುವುದು. ಗಾಯ ಆರುತ್ತದೆ, ಬಟ್ಟೆ ಆರುತ್ತದೆ, ಕೋಪವೂ ಆರುತ್ತದೆ. ಇದೊಂದು ಆರುವುದಿಲ್ಲ ಅಂತ ನಿಮಗೆ ಹೆಮ್ಮೆ.

ಇಲ್ಲಿ ಮಗುವಿಗೊಂದು ಹರಳು. ಹುಟ್ಟಿದ ಹನ್ನೊಂದನೆಯ ದಿನ ತಾಯಿ ಅದರೆದುರು ಒಂದು ಮಾತು ಹೇಳಬೇಕು, ಅದಕ್ಕೆ ಮೊದಲ್ಮಾತು ಅಂತ ಹೆಸರು. ಹರಳು ತೆರೆಯುವುದು ತಾಯಿಯ ದನಿಗೆ ಮಾತ್ರ, ಒಂದೇ ಸಲ. ಆಮೇಲೆ ಎಲ್ಲಿ ಹೋದರೂ ಆ ಮಾತು ನೋಡಿಯೇ ನಮ್ಮನ್ನು ಸೇರಿಸುವುದು, ಬಿಡುವುದು. ನನ್ನಮ್ಮ "ಓದಲಿ" ಅನ್ನಲು ಬಾಯಿ ತೆರೆದಿದ್ದಳಂತೆ. ಪಕ್ಕದ ಮನೆಯ ಪಾಪಕ್ಕ ಕಾಫಿ ಲೋಟ ಚಾಚಿ, "ಒಂದು ಗುಟುಕು ಕುಡಿಯೇ, ಗಂಟಲು ಒಣಗೈತೆ" ಅಂದಳು. "ಬೇಡ" ಅಂದಳು ಅಮ್ಮ. ಹರಳು ಹಿಡಿದದ್ದು ಅದನ್ನೇ.

ನಾಲ್ಕನೆಯ ತರಗತಿಯಲ್ಲಿ ಮೇಷ್ಟ್ರು ಹರಳು ಓದಿಸಿ, "ನಿಂದು ಬೇಡ ಅಂತೈತಲ್ಲಮ್ಮ ಸೊಣ್ಣ" ಅಂದರು, ಚೀಲ ಕೈಗೆ ಕೊಟ್ಟರು. ಕೆಲಸ ಕೇಳಿದಲ್ಲಿ ಬೇಡ. ಹೆರಿಗೆಗೆ ಹೋದರೆ ಆಸ್ಪತ್ರೆಯ ಮಂಚಕ್ಕೂ ಬೇಡ. ತನ್ನ ಹರಳನ್ನು ಎಲ್ಲೋ ಕಳೆದುಕೊಂಡವನೊಬ್ಬ ನನ್ನನ್ನು ಕಟ್ಟಿಕೊಂಡ, ಅದೊಂದು ಪುಣ್ಯ. ಅಮ್ಮ ಸಾಯುವವರೆಗೂ ಕಾಫಿ ಮುಟ್ಟಲಿಲ್ಲ.

ನಾಳೆ ನನ್ನ ಮೊಮ್ಮಗಳ ಹನ್ನೊಂದನೆಯ ದಿನ. ಮನೆಯ ಲೋಟಗಳನ್ನೆಲ್ಲ ಬಚ್ಚಿಟ್ಟೆ. ನೆರೆಯವರಿಗೆ ಬರಬೇಡಿ ಅಂದೆ. ಸೊಸೆ ಮುನಿರತ್ನ ಬಾಯಿ ತೆರೆದಾಗಲೆಲ್ಲ ಎದ್ದು ನಿಂತೆ. ಕೊನೆಗೆ ಅವಳು, "ಅತ್ತೆ, ಕಾಫಿಗಿಂತ ನಿಮ್ ಕಾಟ ಜಾಸ್ತಿ ಆಯ್ತು. ನಾಳೆ ನಿಮ್ ಮುಖ ನೋಡಿ ನನ್ ಬಾಯಲ್ಲಿ 'ಸಾಕು' ಅಂತ ಬಂದ್ರೆ ಏನ್ ಮಾಡ್ತೀರಾ?" ಅಂದಳು. ಅದಕ್ಕೇ ನಾಳೆ ನಾನು ಮನೆಯಲ್ಲಿರುವುದಿಲ್ಲ. ಗಣಿಯಿಂದ ಮೇಲೆ ಹೋಗುವ ಲಿಫ್ಟಿನ ಬಾಗಿಲ ಹತ್ತಿರ ಕುಳಿತಿರುತ್ತೇನೆ, ಸ್ವಂತ ಮೊಮ್ಮಗಳ ಮೊದಲ್ಮಾತು ಕೇಳದೆ.

ಹರಳು ತೊಳೆಯುವವರು ಒಂದು ಸಂಗತಿ ಹೇಳಿದರು. ನೀವು ಮೊದಲು ಮಾಡಿದ ಹರಳಿನಲ್ಲಿ ಒಂದು ಮೂಲೆ ಕೆಟ್ಟಿತ್ತಂತೆ. ಅಲ್ಲಿಯ ಕಣಗಳು ಬಿಸಿ ಹಂಚಿಕೊಳ್ಳುತ್ತಿದ್ದವು. ಬಿಟ್ಟಿದ್ದರೆ ಆ ಚಿಕ್ಕ ಮೂಲೆಯೇ ಪಕ್ಕದ್ದನ್ನು, ಅದರ ಪಕ್ಕದ್ದನ್ನು ಕಲಸುತ್ತ ಹೋಗಿ, ಒಂದು ಆಯುಸ್ಸು ಮುಗಿಯುವುದರೊಳಗೆ ಹರಳು ಪೂರ್ತಿ ಆರಿ, ಮರೆತುಬಿಡುತ್ತಿತ್ತು. ನೀವು ಅದನ್ನು ದೋಷ ಅಂದುಕೊಂಡು ತಿದ್ದಿದಿರಿ. ಜಾಣರು ನೀವು. ಮರೆವು ಯಾರಿಗೆ ಬೇಕಾದೀತು ಅಂತ ಒಬ್ಬರನ್ನೂ ಕೇಳಲಿಲ್ಲ.

ನಿಮ್ಮ ಕಾಲಕ್ಕೆ ಹಿಂದಕ್ಕೆ ಕಳಿಸುತ್ತಿರುವ ಈ ಕಾಗದ ನಿಮಗೆ ಸಿಗುವಾಗ ಆ ಮೂಲೆ ಇನ್ನೂ ಬೆಚ್ಚಗಿದ್ದರೆ, ತಿದ್ದಹೊರಟ ಕೈ ಹಿಂದೆ ತೆಗೆಯಿರಿ. ಹುಟ್ಟಿದಾಗಿನಿಂದ ನನ್ನ ಪರವಾಗಿ ಹರಳೇ ಆಡುತ್ತ ಬಂದ ಮಾತನ್ನು ಇದೊಂದು ಸಲ ನಾನಾಗಿ ಆಡುತ್ತಿದ್ದೇನೆ.

ಬೇಡ.