ಕರದಂಟಿನ ಬಿಯರ್

ದಾಕ್ಷಾಯಿಣಿಯ ಅಪ್ಪನವರಿಗೆ ಶರಣಾರ್ಥಿ.

ಲಿಂಗೈಕ್ಯರಾದವರಿಗೆ ಪತ್ರ ಮುಟ್ಟುವುದಿಲ್ಲವೆಂದು ಗೊತ್ತು. ಆದರೂ ನಿನ್ನೆ ನಡೆದದ್ದನ್ನು ನಿಮಗಲ್ಲದೆ ಯಾರಿಗೂ ಹೇಳಲಾರೆ.

ಪುಣೆಯ ಬಿಯರ್ ಕಾರ್ಖಾನೆಯಲ್ಲಿ ಕೆಲಸಕ್ಕಿರುವ ನಿಮ್ಮ ಮಗಳು ಮಸಗುಪ್ಪಿಯ ನಮ್ಮ ಮನೆಗೆ ಒಂದು ಬಾಟಲಿ ತಂದಿದ್ದಳು. ಕರದಂಟಿನ ರುಚಿಯ ಬಿಯರಂತೆ, ಅವಳೇ ಮಾಡಿದ್ದು.

“ನಿನ್ನ ಕೈಯಾನ ಕರದಂಟಿನ ರುಚಿ ಬಂದೈತೇನ್ ನೋಡವ್ವಾ. ನಾಲಿಗಿಗೆ ಹಚ್ಚಿ ಉಗುಳಿದರ ಸಾಕು” ಎಂದು ಗೋಗರೆದಳು.

ನಿಮ್ಮನ್ನು ಕೊಂದದ್ದನ್ನೇ ಮಗಳು ಕುದಿಸುತ್ತಾಳೆಂದು ನಾನು ಅವಳ ಜೊತೆ ಸರಿಯಾಗಿ ಮಾತಾಡುವುದನ್ನೇ ಬಿಟ್ಟಿದ್ದೆ. ಹೀಗೇ ಬಿಟ್ಟರೆ ಅವಳು ಮನೆಗೆ ಬರುವುದೇ ನಿಂತೀತೆಂದು ಒಪ್ಪಿದೆ.

ಗ್ಲಾಸು ಹಿಡಿದವಳೇ, ರೂಢಿಯಂತೆ ಎದೆಯ ಮೇಲಿನ ಲಿಂಗಕ್ಕೆ ತೋರಿಸಿ ಕಣ್ಣು ಮುಚ್ಚಿಬಿಟ್ಟೆ. ಲಿಂಗಕ್ಕೆ ಅರ್ಪಿಸಿದ ಮೇಲೆ ಅದು ಪ್ರಸಾದವಾಯಿತಲ್ಲ.

“ಚೆಲ್ಲಿಬಿಡವ್ವಾ, ಭಾಳ ಸ್ಟ್ರಾಂಗ್ ಐತಿ!”

“ಪ್ರಸಾದ ಚೆಲ್ಲತಾರೇನ, ಹುಚ್ಚಿ?”

ಪೂರಾ ಕುಡಿದೆ. ಬೆಲ್ಲ, ಹುರಿದ ಅಂಟು, ಉತ್ತತ್ತಿ, ಜಾಜಿಕಾಯಿ ಎಲ್ಲವೂ ಇತ್ತು. ಕೊನೆಗೆ ಗಂಟಲಲ್ಲಿ ಕಹಿ ಉಳಿಯಿತು. ಸ್ವಲ್ಪ ಹೊತ್ತಿಗೆ ಮೈ ಹಗುರಾಗಿ, ಕಾರಣವಿಲ್ಲದೆ ನಗು ಬಂತು. ದಾಕ್ಷಾಯಿಣಿಯೂ ನಕ್ಕಳು.

“ಅಪ್ಪನೂ ಮೊದಲನೇ ಗ್ಲಾಸಿಗೆ ಹಿಂಗ ನಗತಿದ್ದ. ನನ್ನ ಹೆಗಲ ಮ್ಯಾಲ ಕುಂದರಿಸಿಕೊಂಡು ಒಂದು ಹಾಡು ಹಾಡತಿದ್ದ. ನೆನಪೈತೇನವ್ವಾ?”

“ಹೂಂ, ಐತಿ” ಎಂದೆ.

ಲಿಂಗ ಎದೆಯ ಮೇಲಿರುವಾಗಲೇ ಸುಳ್ಳು ಹೇಳಿದೆ. ನೀವು ಮೊದಲ ಗ್ಲಾಸು ತುಂಬುವಷ್ಟರಲ್ಲಿ ನಾನು ಬಾಗಿಲು ಹಾಕಿಕೊಂಡು ಪೂಜೆಗೆ ಕೂತಿರುತ್ತಿದ್ದೆ.

ಯಾವ ಹಾಡು ಹಾಡುತ್ತಿದ್ದಿರಿ?