ಒಂದೇ ಸೀಟು

ಮಸ್ಕಿ

ಸಿದ್ದಲಿಂಗೇಶ ಅವರಿಗೆ,

ಲಿಂಗಸುಗೂರು ಕೋರ್ಟಿನಲ್ಲಿ ನಮ್ಮ ವಿಚ್ಛೇದನವಾದ ದಿನ ಮಾತಾಡಲಾಗಲಿಲ್ಲ, ಅದಕ್ಕೇ ಈ ಪತ್ರ. ಯುರೋಪಿನ ರೈಲು ಪಾಸುಗಳು ಇಬ್ಬರ ಹೆಸರಿನಲ್ಲೂ ಬಂದಿವೆ. ನಿಮ್ಮದನ್ನು ಬೇರೆಯವರು ಬಳಸುವಂತಿಲ್ಲ; ದಯವಿಟ್ಟು ನೀವೇ ರದ್ದು ಮಾಡಿಸಿ. ನಾನು ಹೋಗುತ್ತಿದ್ದೇನೆ. ಇಬ್ಬರೂ ಕೂತು ಆರಿಸಿದ್ದ ಊರುಗಳನ್ನೇ ಇಟ್ಟಿದ್ದೇನೆ, ಬದಲಿಸುವ ಹುರುಪು ಬರಲಿಲ್ಲ. ಪಾಸಿದ್ದರೂ ಪ್ಯಾರಿಸ್ಸಿನ ರೈಲಿಗೆ ಸೀಟು ಬೇರೆ ಕಾಯ್ದಿರಿಸಬೇಕಂತೆ, ಒಂದೇ ಮಾಡಿಸಿದೆ.

ನಿನ್ನೆ ನಿಮ್ಮ ಅವ್ವ ಬಂದಿದ್ದರು.

"ಒಬ್ಬಾಕೀನ ಹೊಂಟೀಯೇನವಾ?" ಎಂದರು.

"ಹೂಂರಿ ಅತ್ತಿ," ಎಂದೆ.

ಅವರು ಅಳಲಿಲ್ಲ, ನಾನೂ ಅಳಲಿಲ್ಲ. ದಾರಿಗೆಂದು ಶೇಂಗಾ ಹೋಳಿಗೆಯ ಗಂಟು ಕೊಟ್ಟು ಹೋದರು. ಆಮೇಲೆ ಬಿಚ್ಚಿ ನೋಡಿದರೆ ಇಬ್ಬರಿಗೆ ಆಗುವಷ್ಟಿದ್ದವು. ಅರ್ಧ ಈ ಪತ್ರದ ಜೊತೆ ಕಳಿಸಿದ್ದೇನೆ.

ರಾಜಶ್ರೀ