ನಾಳೆ ಅವಧಿ

ಉಳ್ಳೂರು, ತಿರುವನಂತಪುರ
14 ನವೆಂಬರ್ 2007, ಬುಧವಾರ

ಚಿ. ಶ್ರೀವಿದ್ಯಾ,

ಕ್ಷೇಮ ಕೇಳುವ ಸಾಲುಗಳನ್ನು ಈ ಸಲ ಬಿಟ್ಟಿದ್ದೇನೆ. ತಿಂಗಳಿಗೊಮ್ಮೆ ಫೋನಿನಲ್ಲಿ ಕ್ಷೇಮವೆಂದು ನೀನು ಹೇಳುತ್ತೀಯ, ನಾನೂ ಹೇಳುತ್ತೇನೆ, ಇಬ್ಬರೂ ಫೋನ್ ಇಡುತ್ತೇವೆ. ಅದು ಹಾಗೇ ನಡೆಯಲಿ. ಇದು ಬೇರೆ ವಿಷಯ. ನಿಂತುಕೊಂಡು ಓದಬೇಡ, ಕೂತು ಓದು.

ಇದರ ಜೊತೆಗಿರುವ ದಪ್ಪ ಲಕೋಟೆ ಮೊನ್ನೆ ಬಂತು. ನಿನ್ನ ಗೈಡ್ ಕೃಷ್ಣಾನಂದ ಅವರು ಕಳಿಸಿದ್ದು. ನಿನ್ನ ಕೊಚ್ಚಿಯ ವಿಳಾಸ, ಫೋನ್ ನಂಬರು ಅವರ ಹತ್ತಿರ ಇಲ್ಲವಂತೆ, ಹಾಗಾಗಿ ಈ ಮನೆಗೆ ಕಳಿಸಿದ್ದಾರೆ. ಒಡೆದವಳು ನಾನು. ಒಳಗೆ ಎರಡು ಕಾಗದ ಇವೆ, ಎರಡೂ ಇಂಗ್ಲಿಷಿನಲ್ಲಿ. ಡಿಕ್ಷನರಿ ಇಟ್ಟುಕೊಂಡು ಓದಿದೆ. ಒಂದು ವೆನಿಸ್ಸಿನ ಯಾವುದೋ ಟ್ರಸ್ಟಿನದು. ನಿನ್ನ ಸಂಶೋಧನೆಗೆ ಒಂದು ವರ್ಷದ ಪೂರ್ತಿ ಖರ್ಚು ಅವರೇ ಕೊಡುತ್ತಾರೆ. ಹೋಗಿಬರುವ ವಿಮಾನ, ಇರಲು ಕೋಣೆ, ಹಳೆಯ ದಾಖಲೆಗಳ ನಕಲು ತೆಗೆಸುವ ವೆಚ್ಚ, ಎಲ್ಲವೂ ಅದರಲ್ಲಿದೆ. ಇನ್ನೊಂದು ಕಾಗದ ಕೃಷ್ಣಾನಂದರದು. ನೀನು ಅರ್ಧಕ್ಕೆ ಬಿಟ್ಟುಹೋದ ಪ್ರಬಂಧದ ಮೂರು ಅಧ್ಯಾಯ ಅವರ ಹತ್ತಿರವೇ ಉಳಿದಿದ್ದವು, ನಿನ್ನನ್ನು ಕೇಳದೆಯೇ ಟ್ರಸ್ಟಿಗೆ ಕಳಿಸಿದರಂತೆ. ಕೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ ಎಂದು ಬರೆದಿದ್ದಾರೆ. ನಿನ್ನನ್ನು ಚೆನ್ನಾಗಿ ಬಲ್ಲರು. ಮತ್ತೆ ಹೆಸರು ನೋಂದಾಯಿಸುವ ಕೆಲಸ ಅವರದಂತೆ. ಟ್ರಸ್ಟಿನ ಕಾಗದಕ್ಕೆ ಲಗತ್ತಿಸಿದ ಒಪ್ಪಿಗೆಯ ಹಾಳೆಗೆ ನೀನು ಸಹಿ ಹಾಕಿ ಫ್ಯಾಕ್ಸ್ ಮಾಡಿದರೆ ಸಾಕು. ಎಂದಿನೊಳಗೆ ಎಂಬುದು ಅದರಲ್ಲೇ ಇದೆ, ನೋಡಿಕೋ.

ಇಷ್ಟೇ ಆಗಿದ್ದರೆ ಲಕೋಟೆಯನ್ನಷ್ಟೇ ಕಳಿಸುತ್ತಿದ್ದೆ. ಆದರೆ ಇದನ್ನು ಕಂಡ ಕೂಡಲೇ ನಿನಗೆ ಮೊದಲನೆಯ ಅರ್ಜಿ ನೆನಪಾಗುತ್ತದೆ, ನಿನ್ನಪ್ಪ ನೆನಪಾಗುತ್ತಾರೆ. ಅವರ ಮೇಲಿನ ಸಿಟ್ಟಿನಲ್ಲಿ ಇದನ್ನೂ ಹರಿದು ಹಾಕುವ ಹುಡುಗಿ ನೀನು. ಆ ಸಿಟ್ಟು ಇಡಬೇಕಾದ ಜಾಗ ಬೇರೆ. ಅದನ್ನು ಹೇಳುವುದಕ್ಕೆ ಈ ಕಾಗದ.

2004ರ ಏಪ್ರಿಲ್‌ನಲ್ಲಿ ನೀನು ಫೋರ್ಟ್ ಕೊಚ್ಚಿಯಲ್ಲಿದ್ದೆ. ಯಾವುದೋ ಹಳೆಯ ಮನೆತನದವರ ಪತ್ರಗಳನ್ನು ನಕಲು ಮಾಡಿಕೊಳ್ಳುತ್ತಿದ್ದೆ. ದೆಹಲಿಯ ಸಂಸ್ಥೆಯ ವಿದ್ಯಾರ್ಥಿವೇತನದ ಅರ್ಜಿ ಇಲ್ಲಿ ವಿಶ್ವವಿದ್ಯಾಲಯದಲ್ಲಿ ಸಹಿಗೂ ಮೊಹರಿಗೂ ಕಾದಿತ್ತು. ಸೋಮವಾರ, ಹನ್ನೆರಡನೇ ತಾರೀಖಿಗೆ ಅದು ದೆಹಲಿ ತಲುಪಬೇಕು. ನಿನಗೆ ಇಪ್ಪತ್ತೆಂಟು ತುಂಬಿತ್ತು, ಮುಂದಿನ ವರ್ಷ ಅರ್ಜಿ ಹಾಕಲು ವಯಸ್ಸು ಮೀರುತ್ತಿತ್ತು. ಐನೂರು ವರ್ಷದ ಹಿಂದೆ ಸತ್ತ ಮೆಣಸಿನ ವರ್ತಕರ ಉಯಿಲುಗಳು ವೆನಿಸ್ಸಿನಲ್ಲಿವೆ, ಅವನ್ನು ನೋಡದೆ ಪ್ರಬಂಧವಿಲ್ಲ ಎಂದಿದ್ದೆ. ನಿನ್ನಪ್ಪನ ಸಂಬಳದಲ್ಲಿ ವೆನಿಸ್ ಆಗದ ಮಾತು. ಮೊಹರು ಬಿದ್ದ ಕೂಡಲೇ ತಂದು ಕೊರಿಯರಿಗೆ ಹಾಕುವುದೊಂದೇ ಕೆಲಸ ನೀನು ಅವರಿಗೆ ವಹಿಸಿದ್ದು. ಅವರು ಮರೆತರು, ನಿನ್ನ ಓದು ನಿಂತಿತು. ನಿನಗೆ ಗೊತ್ತಿರುವುದು ಇಷ್ಟು.

ಅವರು ಮರೆಯಲಿಲ್ಲ.

ಏಳನೇ ತಾರೀಖು, ಬುಧವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮನೆಗೆ ಫೋನ್ ಬಂತು. ನಿಮ್ಮ ವಿಭಾಗದ ಕ್ಲಾರ್ಕ್ ಮೇರಿ. ಮೊಹರು ಆಗಿದೆ ಎಂದಳು. ಆಮೇಲೆ ಹೇಳಿದಳು: "ನಾಳೆ ಅವಧಿಯಾಣು ಚೇಚೀ, ಇನ್ನು ನಾಲು ಮಣಿಕ್ಕು ಮುಂಪು ವರಣಂ." ನಾಳೆ ರಜೆ ಅಕ್ಕಾ, ಇವತ್ತು ನಾಲ್ಕು ಗಂಟೆಯೊಳಗೆ ಬನ್ನಿ. ನಾನು "ಆ" ಎಂದು ಫೋನ್ ಇಟ್ಟೆ. ಐದು ನಿಮಿಷ ಕೂತಿದ್ದೆ. ಆಮೇಲೆ ನಿನ್ನಪ್ಪನ ಆಫೀಸಿಗೆ ಫೋನ್ ಮಾಡಿ ಕನ್ನಡದಲ್ಲಿ ಹೇಳಿದೆ: "ಮೊಹರು ಆಗಿದೆಯಂತೆ. ನಾಳೆ ಅವಧಿಯಂತೆ."

ಅವರು, "ಹೌದಾ, ಹಾಗಾದ್ರೆ ಇವತ್ತು ಮೀಟಿಂಗ್ ಮುಗಿಸಿಬಿಡ್ತೀನಿ, ನಾಳೆ ಬೆಳಿಗ್ಗೆ ಮೊದಲು ಅದೇ ಕೆಲಸ" ಎಂದರು.

ಗಮನಿಸು, ನಾನು ಒಂದು ಅಕ್ಷರವನ್ನೂ ಬದಲಿಸಲಿಲ್ಲ. ಮಲಯಾಳದಲ್ಲಿ ಅವಧಿ ಎಂದರೆ ರಜೆ. ಕನ್ನಡದಲ್ಲಿ ಕೊಟ್ಟ ಕಾಲ, ಅದು ಮುಗಿಯುವ ದಿನ. ನಾಳೆ ಕಡೆಯ ದಿನ ಎಂದು ಅವರು ತಿಳಿದರು. ಹಾಗೇ ತಿಳಿಯುತ್ತಾರೆ ಎಂದು ನನಗೆ ಗೊತ್ತಿತ್ತು. ನಾಲ್ಕು ಗಂಟೆಯ ಮಾತನ್ನು ನುಂಗಿದೆ. ಸುಳ್ಳು ಹೇಳಲಿಲ್ಲ ಎಂದು ಮೂರು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ.

ಮರುದಿನ ಹೋದಾಗ ಗೇಟಿಗೆ ಬೀಗ. ಗುಡ್ ಫ್ರೈಡೇ ರಜೆ ಅವರಿಗೆ ಗೊತ್ತಿತ್ತು. ಅದರ ಹಿಂದಿನ ಗುರುವಾರ ಪೆಸಹ ಎಂದು ಇಲ್ಲಿನ ಕಚೇರಿಗಳು ಮುಚ್ಚುತ್ತವೆ ಎಂಬುದು ಕೇಂದ್ರ ಸರ್ಕಾರದ ಆಫೀಸಿನವರ ತಲೆಯಲ್ಲಿ ಎಲ್ಲಿರುತ್ತದೆ? ಗುರುವಾರ, ಶುಕ್ರವಾರ, ಎರಡನೇ ಶನಿವಾರ, ಈಸ್ಟರ್ ಭಾನುವಾರ. ಕೃಷ್ಣಾನಂದರು ಊರಿಗೆ ಹೋಗಿದ್ದರು. ನಿನ್ನಪ್ಪ ಮೇರಿಯ ಮನೆ ಹುಡುಕಿಕೊಂಡು ಎರಡು ದಿನ ಬಿಸಿಲಲ್ಲಿ ಅಲೆದರು, ಸಿಗಲಿಲ್ಲ. ಕೈಗೆ ಅರ್ಜಿ ಬಂದದ್ದು ಸೋಮವಾರ ಹತ್ತು ಗಂಟೆಗೆ. ಆಗ ಅದು ದೆಹಲಿಯಲ್ಲಿರಬೇಕಿತ್ತು.

ಸೋಮವಾರ ಮೇರಿ ಅವರಿಗೆ ಹೇಳಿದಳಂತೆ, ಚೇಚಿಯ ಹತ್ತಿರ ನಾನು ಹೇಳಿದ್ದೆನಲ್ಲ ಸಾರ್, ಅವಧಿ ಎಂದು. ಆಗ ಅವರಿಗೆ ಪದದ ಗೊಂದಲ ಹೊಳೆಯಿತು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ನನ್ನನ್ನು ಸಮಾಧಾನ ಮಾಡಿದರು: "ನಿಂದೇನೂ ತಪ್ಪಿಲ್ಲ ಇಂದೂ. ಪದ ಒಂದೇ, ಅರ್ಥ ಬೇರೆ. ನಿಂಗೆ ಮಲಯಾಳಂ ಬರಲ್ಲ ಅಂತ ಗೊತ್ತಿದ್ದೂ ನಾನು ತಿರುಗಿ ಕೇಳ್ಬೇಕಿತ್ತು. ಮಗೂಗೆ ನಾನೇ ಮರೆತೆ ಅಂತ ಹೇಳ್ತೀನಿ. ನೀನು ಮಧ್ಯೆ ಬರಬೇಡ." ನಾನು ಮಧ್ಯೆ ಬರಲಿಲ್ಲ. ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದೆ.

ಆ ಸಂಜೆ ನೀನು ಫೋನಿನಲ್ಲಿ ಹೇಳಿದ್ದು ನನಗೂ ಕೇಳಿಸಿತು. "ರಾಕೆಟ್ ಕಳಿಸೋ ಆಫೀಸಲ್ಲಿ ಇದ್ದೀರಿ ಅಪ್ಪ, ಒಂದು ಕಾಗದ ಕಳಿಸೋಕೆ ಆಗ್ಲಿಲ್ವಲ್ಲ" ಎಂದೆ. ಅವರು ನಕ್ಕರು. "ಕಾಗದಕ್ಕೆ ಎಂಜಿನ್ ಇರಲ್ವಲ್ಲ ಮಗು" ಎಂದರು. ಆ ನಗುವಿಗೇ ನೀನು ಅವರನ್ನು ಕ್ಷಮಿಸಲಿಲ್ಲ. ಆಮೇಲೆ ಕೊಚ್ಚಿಯ ಕಾಕ್ಕನಾಡಿನ ಕೆಲಸ ಹಿಡಿದೆ. ಅಮೆರಿಕದ ಡಾಕ್ಟರುಗಳು ಹೇಳಿದ್ದನ್ನು ರಾತ್ರಿಯಿಡೀ ಕಿವಿಗೆ ಹಚ್ಚಿಕೊಂಡು ಟೈಪು ಮಾಡುವುದು. ಲ್ಯಾಟಿನ್ ಕಲಿತವಳಿಗೆ ರೋಗಗಳ ಹೆಸರು ಸುಲಭ ಎಂದು ಅಪ್ಪನಿಗೆ ಕುಟುಕಿದೆ. ಪ್ರತಿ ಭಾನುವಾರ ಅವರು ಫೋನ್ ಮಾಡುತ್ತಿದ್ದರು. ನೀನು "ಹೂಂ" ಎನ್ನುತ್ತಿದ್ದೆ. ಅವರು ನಿನ್ನ "ಹೂಂ"ಗಳನ್ನು ನನಗೆ ದೊಡ್ಡ ಸುದ್ದಿಯಂತೆ ಹೇಳುತ್ತಿದ್ದರು.

ನನಗೆ ಮಲಯಾಳಂ ಬರುವುದಿಲ್ಲ ಎಂಬುದು ನಮ್ಮ ಮನೆಯ ಹಳೆಯ ತಮಾಷೆ. ಬಂದ ಹೊಸತರಲ್ಲಿ ಅಂಗಡಿಯಲ್ಲಿ ಸಾಮಾನಿನ ಪಟ್ಟಿ ಕೊಡಿ ಎಂದೆ. ಇವರಲ್ಲಿ ಪಟ್ಟಿ ಎಂದರೆ ನಾಯಿ. ಕ್ವಾರ್ಟರ್ಸಿನ ಹೆಂಗಸರು ಒಂದು ವಾರ ನಕ್ಕರು. ಅಂದಿನಿಂದ ನಾನು ಆ ಭಾಷೆಯ ಒಂದು ಪದವನ್ನೂ ಆಡಲಿಲ್ಲ, ಮಾರ್ಕೆಟ್ಟಿನಲ್ಲಿ ಬೆರಳು ತೋರಿಸಿ ತರಕಾರಿ ಕೊಂಡೆ. ಆದರೆ ಕಲಿತೆ. ನೀನು ಎರಡನೇ ಕ್ಲಾಸಿನಲ್ಲಿ ಮಲಯಾಳಂ ಹೋಂವರ್ಕ್ ಬರೆಯುವಾಗ ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದೆನಲ್ಲ, ಆಗ ಕಲಿತೆ. ನೀನು ಶಾಲೆಗೆ ಹೋದ ಮೇಲೆ ನಿನ್ನ ಹಳೆಯ ಪುಸ್ತಕ ತೆಗೆದು ಓದುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಬರುತ್ತದೆ ಎಂದು ಒಪ್ಪಿದರೆ ಅವರು ನಕ್ಕದ್ದು ಸರಿಯಾಗುತ್ತದೆ ಎಂಬ ಹಟ.

ಒಂದು ವರ್ಷದ ಮೇಲೆ, ಒಂದು ಮಧ್ಯಾಹ್ನ ಊಟ ಮುಗಿಸಿ ಕೂತಿದ್ದಾಗ, ನಿನ್ನಪ್ಪ ಪೇಪರಿನಿಂದ ತಲೆ ಎತ್ತದೆ ಕೇಳಿದರು: "ಸುಮ್ನೆ ಕೇಳ್ತೀನಿ ಇಂದೂ. ಮಗು ಚಿಕ್ಕವಳಿದ್ದಾಗ ಸ್ಕೂಲಿಂದ ಬಂದು, ಅಮ್ಮಾ ನಾಳೆ ಅವಧಿ, ನಾಳೆ ಅವಧಿ ಅಂತ ಕುಣೀತಿದ್ಲಲ್ಲ, ನಿಂಗೆ ನೆನಪಿದೆಯಾ?"

ಇಲ್ಲ ಎಂದೆ.

"ಸರಿ" ಎಂದು ಪುಟ ತಿರುಗಿಸಿದರು. ಮತ್ತೆ ಯಾವತ್ತೂ ಕೇಳಲಿಲ್ಲ. ಮೂರು ತಿಂಗಳಿಗೆ ಹೃದಯ ನಿಂತಿತು. ನೀನು ಬಂದೆ, ಹದಿಮೂರು ದಿನ ಇದ್ದೆ, ಕಣ್ಣೀರು ಹಾಕದೆ ಹೋದೆ. ಎಂಥ ಗಟ್ಟಿ ಹುಡುಗಿ ಎಂದು ನೆಂಟರು ಆಡಿಕೊಂಡರು. ಅವರನ್ನು ಕಡೆಯವರೆಗೂ ನೀನು ಮರೆಗುಳಿ ಎಂದೇ ತಿಳಿದಿದ್ದೆ. ತಾವು ಮದುವೆಯಾಗಿರುವುದು ಎಂಥವಳನ್ನು ಎಂದು ಅವರಿಗೆ ಕಡೆಯ ಮೂರು ತಿಂಗಳು ಗೊತ್ತಿತ್ತು. ಗೊತ್ತಿದ್ದೂ ನಿನಗೆ ಹೇಳಲಿಲ್ಲ.

ಯಾಕೆ ಮಾಡಿದೆ ಎಂದು ಕೇಳುತ್ತೀಯ. ಆ ಏಪ್ರಿಲ್ ಹದಿನೆಂಟಕ್ಕೆ ಬೆಂಗಳೂರಿನವರು ನಿನ್ನನ್ನು ನೋಡಲು ಬರುವವರಿದ್ದರು. ನೀನು ಹೊರಟುಹೋದರೆ ಆ ಸಂಬಂಧ ತಪ್ಪುತ್ತದೆ ಎಂಬುದು ನಾನು ಅಂದು ನನಗೆ ಕೊಟ್ಟುಕೊಂಡ ಕಾರಣ. ಅದನ್ನು ನೀನು ನಂಬಬೇಡ. ನಾನೂ ನಂಬಿರಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಚರಿತ್ರೆಗೆ ನಮ್ಮ ಶಾಲೆಯಲ್ಲಿ ನನ್ನದೇ ಹೆಚ್ಚಿನ ಅಂಕ. ಮುಂದೆ ಓದುತ್ತೇನೆ ಎಂದು ನಾನು ನನ್ನಪ್ಪನನ್ನು ಕೇಳಲೇ ಇಲ್ಲ. ಬೇಡ ಎನಿಸಿಕೊಳ್ಳುವುದು ನನ್ನ ಮರ್ಯಾದೆಗೆ ಕಡಿಮೆ ಎಂದುಕೊಂಡೆ. ನಲವತ್ತು ವರ್ಷ ಅದನ್ನು ದೊಡ್ಡತನವೆಂದು ಹೊತ್ತು ತಿರುಗಿದೆ. ನೀನು ಮಾತ್ರ ಕೇಳುತ್ತಿದ್ದೆ. ಗೈಡನ್ನು ಕೇಳಿದೆ, ದೆಹಲಿಯವರನ್ನು ಕೇಳಿದೆ, ಮೂರನೇ ಸಲ ಇಲ್ಲವೆಂದರೂ ನಾಲ್ಕನೇ ಸಲ ನಾಚಿಕೆಯಿಲ್ಲದೆ ಕೇಳಿದೆ. ನಿನಗೆ ಸಿಕ್ಕೇಬಿಡುತ್ತದೆ ಎಂದು ಕಂಡಿತು. ನನ್ನ ಹೊಟ್ಟೆ ಉರಿಯಿತು. ಹೆತ್ತವಳ ಹೊಟ್ಟೆ ಉರಿಯುವುದಿಲ್ಲ ಎನ್ನುವವರಿಗೆ ಏನೂ ತಿಳಿಯದು.

ನಿನ್ನ ಕ್ಷಮೆ ಕೇಳುತ್ತಿಲ್ಲ. ಕೇಳುವುದು ನನಗೆ ಬರುವುದಿಲ್ಲ, ಈ ವಯಸ್ಸಿನಲ್ಲಿ ಕಲಿತು ನಿನ್ನ ಮೇಲೆ ಹೊರೆ ಹಾಕಲಾರೆ. ಅಪ್ಪನ ಹೆಸರಿನಲ್ಲಿ ನೀನು ಇಟ್ಟುಕೊಂಡಿರುವುದನ್ನು ನನ್ನ ಹೆಸರಿಗೆ ಬದಲಾಯಿಸು. ಒಪ್ಪಿಗೆಗೆ ಸಹಿ ಹಾಕು. ವೆನಿಸ್ಸಿಗೆ ಹೋಗು. ಅಲ್ಲಿಂದ ನನಗೆ ಬರೆಯಬೇಕಾಗಿಲ್ಲ.

ಇಂತು ನಿನ್ನ ತಾಯಿ,
ಇಂದುಮತಿ

ಮತ್ತೆ ಬರೆದದ್ದು. ಶುಕ್ರವಾರ, 16ನೇ ತಾರೀಖು. ಕೊಚ್ಚಿಯ ವೈಟ್ಟಿಲದಲ್ಲಿ, ನೀನಿರುವ ಮನೆಯ ಒಡತಿ ಗ್ರೇಸಿಯವರ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಕೊರಿಯರಿಗೆ ಕೊಡಲು ಹೊರಟವಳು ನನ್ನನ್ನೇ ನಂಬಲಾರದೆ ಬಸ್ಸು ಹತ್ತಿದೆ. ಲಕೋಟೆ ಮೊನ್ನೆ ಬಂದದ್ದು ಎಂದು ಮೇಲೆ ಬರೆದಿರುವುದು ಸುಳ್ಳು. ಬಂದದ್ದು ಅಕ್ಟೋಬರ್ 29ಕ್ಕೆ. ಹದಿನೆಂಟು ದಿನ ನನ್ನ ಬೀರುವಿನಲ್ಲಿತ್ತು. ಕೃಷ್ಣಾನಂದರು ಎರಡು ಸಲ ಫೋನ್ ಮಾಡಿ ತಲುಪಿತೇ ಎಂದು ಮಲಯಾಳದಲ್ಲಿ ಕೇಳಿದರು. ಎರಡು ಸಲವೂ ಅರ್ಥವಾಗದವಳಂತೆ ಫೋನ್ ಇಟ್ಟೆ. ಫ್ಯಾಕ್ಸ್ ತಲುಪಬೇಕಾದದ್ದು ಇವತ್ತು.

ನಾನು ಬಂದಾಗ ಒಂದೂವರೆ ಗಂಟೆ. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದಾಳೆ, "ಉರಙ್ಙಿಕ್ಕೋಟ್ಟೆ ಅಮ್ಮೇ, ಪಾವಂ" ಎಂದರು ಗ್ರೇಸಿ. ಮಲಗಿರಲಿ, ಪಾಪ ಎಂದು. ಒಂದು ಗಳಿಗೆ ನನಗೂ ಅದೇ ಸರಿ ಎನಿಸಿತು, ನೋಡು. ಮಲಗಿರಲಿ, ಸಂಜೆಯಾಗಲಿ, ನನ್ನದೇನೂ ತಪ್ಪಿಲ್ಲ ಎಂದು. ಆಮೇಲೆ ಗ್ರೇಸಿಗೆ ಮಲಯಾಳದಲ್ಲೇ ಹೇಳಿದೆ, ಈಗಲೇ ಎಬ್ಬಿಸಿ ಎಂದು. ಒಪ್ಪಿಗೆಯ ಕಾಗದವನ್ನಷ್ಟೇ ಅವರ ಕೈಯಲ್ಲಿ ಮೇಲೆ ಕಳಿಸಿದ್ದೇನೆ. ಈ ಪತ್ರವನ್ನು ನೀನು ಸಹಿ ಹಾಕಿ ಫ್ಯಾಕ್ಸ್ ಅಂಗಡಿಯಿಂದ ತಿರುಗಿ ಬಂದ ಮೇಲೆ ಕೊಡುತ್ತೇನೆ. ಮೊದಲೇ ಓದಿದರೆ ನನ್ನ ಮೇಲಿನ ಸಿಟ್ಟಿಗೆ ಹೋಗದೆ ಉಳಿದುಬಿಡುತ್ತೀಯ. ಓದುವಾಗ ನಾನು ಎದುರಿಗೇ ಇರುತ್ತೇನೆ. ನೀನು ಎದ್ದು ಹೋಗು ಎನ್ನುವವರೆಗೆ ಏಳುವುದಿಲ್ಲ.